ನಡೆಯದ ಕತೆಗಳನ್ನು ಯಾಕೆ ಓದುತ್ತೀರಿ?

“ಅಕ್ಕ, ಇದೆಲ್ಲ ನಡೆದದ್ದಲ್ಲವಲ್ಲ, ಮತ್ತೆ ಯಾಕೆ ಓದುತ್ತೀರಿ?” ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರ ಔಷಧದ ಅಂಗಡಿ ಇಟ್ಟುಕೊಂಡು ಕುಳಿತ ನನಗೆ ಈ ಪ್ರಶ್ನೆ ಹೊಸದಲ್ಲ. ಮಧ್ಯಾಹ್ನದ ಹೊತ್ತು ಗಿರಾಕಿಗಳು ಕಡಿಮೆ. ಕೌಂಟರಿನ ಮೇಲೆ ಒಂದಲ್ಲ ಒಂದು ಕಾದಂಬರಿ ತೆರೆದಿರುತ್ತದೆ. ಮಾತ್ರೆಯ ಚೀಟಿ ನೀಡಿದವರು ಪುಸ್ತಕವನ್ನು ತಿರುಗಿಸಿ ಮುಖಪುಟ ನೋಡುತ್ತಾರೆ. ಕತ್ತಿ ಹಿಡಿದ ರಾಣಿ, ಕೋಟೆಯ ಬಾಗಿಲು, ಬಾವಿಯ ಬಳಿ ಬಿದ್ದ ಹೆಣ. ಆಮೇಲೆ ಈ ಪ್ರಶ್ನೆ ಬರುತ್ತದೆ. ಜೀವನಚರಿತ್ರೆ ಓದಬಾರದೇ, ಆರೋಗ್ಯದ ಪುಸ್ತಕ ಓದಬಾರದೇ, ಪ್ರಯೋಜನಕ್ಕೆ ಬರುತ್ತದೆ ಎಂಬ ಸಲಹೆಯೂ ಅದರ ಹಿಂದೆಯೇ ಇರುತ್ತದೆ.

ಇದೇ ಪ್ರಶ್ನೆ ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ. ಸಾಹಿತ್ಯ ಗೋಷ್ಠಿಗಳಿಗೆ ತಪ್ಪದೆ ಹೋಗುವ ನನ್ನ ಗೆಳತಿಯರು ಕೇಳುವ ರೀತಿ ಬೇರೆ: “ಕಾರಂತರನ್ನು ಅಷ್ಟು ಓದಿದವಳು ನೀನು. ಈ ಪತ್ತೇದಾರಿ, ಮಾಯಾಮಂತ್ರ, ರಾಜರಾಣಿಯರ ಕತೆ ನಿನಗೇಕೆ?”

ಇಬ್ಬರಿಗೂ ನನ್ನ ಉತ್ತರ ಒಂದೇ. ಈ ಮೂರು ಬಗೆಯ ಕಾದಂಬರಿಗಳಲ್ಲಿ ಲೇಖಕರ ಕೈ ಕಟ್ಟಿರುತ್ತದೆ. ಅದಕ್ಕಾಗಿಯೇ ನಾನು ಓದುತ್ತೇನೆ.

ಸಾಮಾಜಿಕ ಕಾದಂಬರಿಯಲ್ಲಿ ಯಾವುದೋ ಪಾತ್ರ ಇದ್ದಕ್ಕಿದ್ದಂತೆ ಮನೆ ಬಿಟ್ಟು ಹೋದರೆ “ಬದುಕು ಹೀಗೆಯೇ” ಎಂದು ಬರೆದವರು ಹೇಳಬಹುದು. ನಾವು ಸುಮ್ಮನಾಗಬೇಕು. ಪತ್ತೇದಾರಿ ಕಾದಂಬರಿಯಲ್ಲಿ ಆ ಮಾತು ನಡೆಯುವುದಿಲ್ಲ. ಪತ್ತೇದಾರ ಕಂಡದ್ದನ್ನೆಲ್ಲ ನಮಗೂ ತೋರಿಸಿರಬೇಕು. ಮಾಯಾಲೋಕದ ಕಾದಂಬರಿಯಲ್ಲಿ ಮೊದಲ ಅಧ್ಯಾಯದಲ್ಲಿ ಹಾಕಿದ ನಿಯಮಕ್ಕೆ ಕೊನೆಯ ಅಧ್ಯಾಯವೂ ತಲೆಬಾಗಬೇಕು. ಐತಿಹಾಸಿಕ ಕಾದಂಬರಿಯಲ್ಲಂತೂ ಶಾಸನ, ದಾಖಲೆ, ಪ್ರವಾಸಿಗರ ಬರಹ ಇವೆಲ್ಲ ಲೇಖಕರ ಬೆನ್ನ ಹಿಂದೆಯೇ ನಿಂತಿರುತ್ತವೆ. ಇಲ್ಲಿ ಓದುವವರಿಗೆ ಲೆಕ್ಕ ಕೇಳುವ ಹಕ್ಕಿದೆ. ಕಲ್ಪನೆಯನ್ನು ಹೀಗೆ ಕಟ್ಟಿಹಾಕಿದಾಗ ಅದು ಎಷ್ಟು ಚುರುಕಾಗುತ್ತದೆ ಎಂಬುದನ್ನು ನೋಡುವುದೇ ನನ್ನ ಸಂತೋಷ.

ಈ ಮಳೆಗಾಲದಲ್ಲಿ ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಅನ್ನು ಮತ್ತೆ ಓದಿದೆ. 1920ರಲ್ಲಿ ಪ್ರಕಟವಾದ ಪುಸ್ತಕ. ಮೊದಲ ಮಹಾಯುದ್ಧದ ಕಾಲದಲ್ಲಿ ಕ್ರಿಸ್ಟಿ ಇಂಗ್ಲೆಂಡಿನ ಟಾರ್ಕಿ ಎಂಬ ಊರಿನ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ಔಷಧ ತಯಾರಿಕೆಯ ಪರೀಕ್ಷೆಯನ್ನೂ ಪಾಸು ಮಾಡಿದ್ದರು. ಈ ಕತೆ ಹುಟ್ಟಿದ್ದು ಆ ಕಪಾಟುಗಳ ನಡುವೆ. ಯಾರು ಕೊಂದರು ಎಂದು ನಾನು ಹೇಳುವುದಿಲ್ಲ. ಹೇಗೆ ಎಂಬುದನ್ನು ಮಾತ್ರ ಹೇಳಲೇಬೇಕು, ಏಕೆಂದರೆ ನನ್ನ ವಾದವೆಲ್ಲ ಅದರ ಮೇಲೆ ನಿಂತಿದೆ. ಇನ್ನೂ ಓದದವರು ಮುಂದಿನ ಪ್ಯಾರಾ ದಾಟಿ ಹೋಗಬಹುದು.

ಆ ಮನೆಯ ಯಜಮಾನಿ ದಿನವೂ ಕುಡಿಯುತ್ತಿದ್ದ ಟಾನಿಕ್‌ನಲ್ಲಿ ಸ್ವಲ್ಪ ಸ್ಟ್ರಿಕ್ನಿನ್ ಇರುತ್ತದೆ. ಆ ಕಾಲದಲ್ಲಿ ಅದು ಸಾಮಾನ್ಯ ಔಷಧ. ನಮ್ಮ ಗುಡ್ಡಗಳಲ್ಲೂ ಬೆಳೆಯುವ ಕಾಸರಕದ ಬೀಜದಿಂದ ಬರುವ ವಿಷ ಅದು. ನಿದ್ದೆಗೆಂದು ಆಕೆ ಬಳಸುತ್ತಿದ್ದ ಬ್ರೋಮೈಡ್ ಪುಡಿ ಆ ಟಾನಿಕ್‌ಗೆ ಸೇರಿದಾಗ ಸ್ಟ್ರಿಕ್ನಿನ್ ಕರಗಿ ಉಳಿಯದೆ ಹರಳುಗಟ್ಟಿ ತಳ ಸೇರುತ್ತದೆ. ಬಾಟಲಿಯನ್ನು ಅಲುಗಾಡಿಸದೆ ಕುಡಿಯುತ್ತ ಬಂದರೆ ಇಡೀ ಬಾಟಲಿಯ ವಿಷ ಕೊನೆಯ ಗುಟುಕಿಗೆ ಕಾದಿರುತ್ತದೆ. ಪುಡಿಯ ಖಾಲಿ ಪೆಟ್ಟಿಗೆಯನ್ನು ಕ್ರಿಸ್ಟಿ ಮೊದಲಲ್ಲೇ ನಮ್ಮ ಕಣ್ಣೆದುರು ಇಟ್ಟಿದ್ದಾರೆ. ಟಾನಿಕ್‌ನ ಮಾತನ್ನೂ ಆಡಿದ್ದಾರೆ. ಮಕ್ಕಳಿಗೆ ಆ್ಯಂಟಿಬಯೋಟಿಕ್ ಸಿರಪ್ ಕೊಡುವಾಗ “ಚೆನ್ನಾಗಿ ಅಲುಗಾಡಿಸಿ ಕುಡಿಸಿ” ಎಂದು ದಿನವೂ ಹೇಳುವ ನನಗೆ ಈ ಉಪಾಯ ಓದಿದಾಗ ಮೈ ಜುಮ್ಮೆಂದಿತು. ಕತೆಗೆಂದು ಹೆಣೆದ ಕಟ್ಟುಕತೆಯ ರಸಾಯನ ಅದಲ್ಲ. ಔಷಧಶಾಸ್ತ್ರದ ಪುಸ್ತಕದಲ್ಲಿ ಎಚ್ಚರಿಕೆಯಾಗಿ ಬರೆದಿದ್ದ ಮಾತು. ಆಗಿನ ‘ಫಾರ್ಮಾಸ್ಯೂಟಿಕಲ್ ಜರ್ನಲ್’ ಪತ್ರಿಕೆ ಈ ಕಾದಂಬರಿಯ ವಿಷಜ್ಞಾನವನ್ನು ಮೆಚ್ಚಿ ಬರೆಯಿತು. ಆ ಮೆಚ್ಚುಗೆಯೇ ಕ್ರಿಸ್ಟಿಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತಂತೆ. ಯಾಕೆಂದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಕ್ಯಾಥೊಲಿಕ್ ಪಾದ್ರಿ ಪತ್ತೇದಾರಿ ಕತೆಗಳಿಗೆ ಹತ್ತು ಕಟ್ಟಳೆಗಳನ್ನು ಬರೆದರು. ಯಾರಿಗೂ ಗೊತ್ತಿಲ್ಲದ ವಿಷವನ್ನು ಬಳಸಬಾರದು ಎಂಬುದು ಅದರಲ್ಲಿ ಒಂದು. ಇತ್ತೀಚೆಗೆ ಓದಿದ ಕೆಲವು ಕಾದಂಬರಿಗಳಲ್ಲಿ, ಕನ್ನಡದ್ದೂ ಸೇರಿ, ಬಣ್ಣವಿಲ್ಲದ, ವಾಸನೆಯಿಲ್ಲದ, ಯಾವ ಪರೀಕ್ಷೆಗೂ ಸಿಗದ ವಿಷ ಸಲೀಸಾಗಿ ಬಂದುಹೋಗುತ್ತದೆ. ಅಂಥ ವಿಷ ಕಂಡಲ್ಲಿಗೆ ನನ್ನ ಓದು ನಿಲ್ಲುತ್ತದೆ. ಕೊಲೆಗಾರ ಕೊನೆಯ ಅಧ್ಯಾಯದಲ್ಲಿ ಮೊದಲ ಬಾರಿಗೆ ಮುಖ ತೋರಿಸುವ ಪುಸ್ತಕಕ್ಕೂ ಇದೇ ಗತಿ. ಬರೆದವರಿಗೆ ನನ್ನ ಬುದ್ಧಿಯ ಮೇಲೆ ಗೌರವವಿಲ್ಲ ಎಂದು ನನಗೆ ನಿಜಕ್ಕೂ ನೋವಾಗುತ್ತದೆ.

ಕ್ರಿಸ್ಟಿಯದೇ 1926ರ ‘ದಿ ಮರ್ಡರ್ ಆಫ್ ರೋಜರ್ ಆ್ಯಕ್ರಾಯ್ಡ್’ ಬಂದಾಗ ಇದು ಮೋಸ ಎಂದು ಕೆಲವು ಓದುಗರು ಸಿಟ್ಟಾದರು. ನನ್ನ ತೀರ್ಪು ಹಾಗಲ್ಲ. ಪುಸ್ತಕ ಮುಗಿಸಿ ಮೊದಲ ಪುಟಕ್ಕೆ ಮರಳಿ ಬನ್ನಿ. ಸುಳ್ಳು ಎಂದು ಬೆರಳಿಟ್ಟು ತೋರಿಸುವಂಥ ವಾಕ್ಯ ನನಗಂತೂ ಸಿಗಲಿಲ್ಲ. ಜಪಾನಿನ ಕೀಗೊ ಹಿಗಾಶಿನೊ ಬರೆದ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೊಲೆ ಯಾರು ಮಾಡಿದರು, ಯಾಕೆ ಮಾಡಿದರು ಎಂಬುದು ಆರಂಭದಲ್ಲೇ ಗೊತ್ತು. ಪಕ್ಕದ ಮನೆಯ ಗಣಿತ ಮೇಷ್ಟ್ರು ಕೊಲೆ ಮಾಡಿದ ತಾಯಿ ಮಗಳನ್ನು ಹೇಗೆ ಉಳಿಸುತ್ತಾನೆ ಎಂಬುದಷ್ಟೇ ಪ್ರಶ್ನೆ ಎಂದುಕೊಂಡು ಓದುತ್ತೇವೆ. ಪ್ರಶ್ನೆ ಅದಾಗಿರಲಿಲ್ಲ ಎಂದು ತಿಳಿಯುವಾಗ ಪುಸ್ತಕ ಮುಗಿಯುತ್ತ ಬಂದಿರುತ್ತದೆ. ಆ ಕೊನೆಯ ಪುಟಗಳನ್ನು ಅಂಗಡಿಯಲ್ಲಿ ಓದಬೇಡಿ. ಮನೆಯಲ್ಲಿ, ಯಾರೂ ಮಾತನಾಡಿಸದ ಹೊತ್ತಿನಲ್ಲಿ ಓದಿ.

ಕನ್ನಡದ ಪತ್ತೇದಾರಿ ಎಂದರೆ ಹಿರಿಯರು ಈಗಲೂ ಎನ್. ನರಸಿಂಹಯ್ಯನವರ ಪುರುಷೋತ್ತಮನನ್ನು ನೆನೆಯುತ್ತಾರೆ. ಬಾಡಿಗೆ ಪುಸ್ತಕದ ಅಂಗಡಿಗಳ ಆ ಕಾಲದಲ್ಲಿ ಎಷ್ಟೋ ಮನೆಗಳಿಗೆ ಓದು ಎಂಬುದು ಕಾಲಿಟ್ಟದ್ದೇ ಅವರ ಕಾದಂಬರಿಗಳಿಂದ. ಅವುಗಳಲ್ಲಿ ಸುಳಿವುಗಳ ಲೆಕ್ಕ ಸಡಿಲವಾಗಿರಬಹುದು, ಓಟ ಸಡಿಲವಲ್ಲ. ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನು ನಾನು ಇದೇ ಸಾಲಿನಲ್ಲಿ ಇಡುತ್ತೇನೆ ಎಂದರೆ ಕೆಲವರು ಒಪ್ಪುವುದಿಲ್ಲ. ತನಿಖೆಗೆ ಬಂದವನು ಇದ್ದಾನೆ, ಅನುಮಾನದ ಸಾವಿದೆ, ಏಲಕ್ಕಿಯ ಗುಟ್ಟಿದೆ. ಉತ್ತರ ಮಾತ್ರ ಊರಿನ ಬೇರೆ ಬೇರೆ ಮೂಲೆಗಳಲ್ಲಿ ಚದುರಿಹೋಗಿದೆ. ತನಿಖೆ ಮಾಡುವವನ ಕೈಗೆ ಸಿಗದದ್ದು ಓದುವವರ ಕೈಗೆ ಸಿಗುತ್ತದೆ. ಕಟ್ಟಳೆ ಮುರಿಯುವುದಾದರೆ ಹೀಗೆ, ಓದುಗರಿಗೆ ಹೆಚ್ಚು ಕೊಟ್ಟು ಮುರಿಯಬೇಕು.

ಮಾಯಾಲೋಕದ ಕಾದಂಬರಿಗಳ ವಿಷಯಕ್ಕೆ ಬಂದರೆ ಆಕ್ಷೇಪ ಇನ್ನೂ ಗಟ್ಟಿಯಾಗುತ್ತದೆ. ಮಂತ್ರದಿಂದ ಏನು ಬೇಕಾದರೂ ಆಗುವ ಕಡೆ ಕಟ್ಟು ಎಲ್ಲಿಂದ ಬಂತು? ಏನು ಬೇಕಾದರೂ ಆಗುವ ಪುಸ್ತಕಗಳು ಕೆಟ್ಟ ಪುಸ್ತಕಗಳು, ಅಷ್ಟೇ. ಅರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ತ್‌ಸೀ’ಯಲ್ಲಿ ಒಂದು ವಸ್ತುವಿನ ನಿಜವಾದ ಹೆಸರು ತಿಳಿದವನಿಗೆ ಮಾತ್ರ ಅದರ ಮೇಲೆ ಅಧಿಕಾರ. ಆ ಅಧಿಕಾರಕ್ಕೂ ಬೆಲೆಯಿದೆ. ಒಂದು ಕಡೆ ಮಾಡಿದ ಬದಲಾವಣೆ ಲೋಕದ ಸಮತೋಲವನ್ನು ಇನ್ನೊಂದು ಕಡೆ ಕದಲಿಸುತ್ತದೆ. ಹುಡುಗನೊಬ್ಬ ಜಂಬಕ್ಕೆ ಬಿದ್ದು ಒಂದು ನೆರಳನ್ನು ಬಿಡುಗಡೆ ಮಾಡುತ್ತಾನೆ. ಉಳಿದ ಕತೆಯೆಲ್ಲ ಆ ಒಂದು ಕೃತ್ಯದ ಲೆಕ್ಕ ತೀರಿಸುವುದು. ಲೇಖಕಿ ಅವನಿಗೆ ಎಲ್ಲೂ ವಿನಾಯಿತಿ ಕೊಡುವುದಿಲ್ಲ.

ಆದರೆ ಇತ್ತೀಚಿನ ಓದಿನಲ್ಲಿ ನನ್ನನ್ನು ಪೂರ್ತಿ ಹಿಡಿದುಕೊಂಡದ್ದು ಸುಸಾನಾ ಕ್ಲಾರ್ಕ್ ಅವರ ‘ಪಿರಾನೇಸಿ’. 2020ರಲ್ಲಿ ಬಂದ ಈ ಸಣ್ಣ ಕಾದಂಬರಿಗೆ ಮರುವರ್ಷ ಬ್ರಿಟನ್ನಿನ ಮಹಿಳಾ ಕಾದಂಬರಿ ಪ್ರಶಸ್ತಿ ಬಂತು. ಕೊನೆಯೇ ಇಲ್ಲದ ಒಂದು ಮನೆ. ಹಜಾರದ ನಂತರ ಹಜಾರ, ಗೋಡೆಯುದ್ದಕ್ಕೂ ಅಮೃತಶಿಲೆಯ ಮೂರ್ತಿಗಳು. ಕೆಳಗಿನ ಅಂತಸ್ತಿನಲ್ಲಿ ಸಮುದ್ರ, ಮೇಲಿನದರಲ್ಲಿ ಮೋಡ. ಅಲ್ಲಿ ಒಬ್ಬ ಮನುಷ್ಯ ಮೀನು, ಕಡಲಕಳೆ ತಿಂದು ಬದುಕುತ್ತ ಉಬ್ಬರದ ಲೆಕ್ಕ ಬರೆದಿಡುತ್ತಾನೆ. ಯಾವ ಹಜಾರಕ್ಕೆ ಎಂದು ಎಷ್ಟು ನೀರು ನುಗ್ಗುತ್ತದೆ, ಬೇರೆ ಬೇರೆ ದಿಕ್ಕಿನ ಉಬ್ಬರಗಳು ಯಾವ ದಿನ ಒಟ್ಟಿಗೆ ಸೇರುತ್ತವೆ ಎಂಬುದು ಅವನಿಗೆ ಗೊತ್ತು. ಮಲ್ಪೆಯ ಕಡೆಯಿಂದ ಬರುವ ನನ್ನ ಗಿರಾಕಿಗಳಿಗೆ ಈ ಭಾಗವನ್ನು ಕನ್ನಡದಲ್ಲಿ ಓದಿ ಹೇಳಬೇಕು ಎನಿಸುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಉಬ್ಬರ ಇಳಿತ ನೋಡಿಯೇ ದಿನ ಹೊಂದಿಸಿಕೊಂಡು ಬದುಕಿದವರಿಗೆ ಆ ಮನುಷ್ಯ ಪರಕೀಯನೇ ಅಲ್ಲ.

ಮತ್ತೆ ಅದು ಪತ್ತೇದಾರಿಯೂ ಹೌದು. ತಾನು ಯಾರು ಎಂಬುದೇ ಅವನಿಗೆ ಮರೆತುಹೋಗಿದೆ. ತನ್ನ ಹಳೆಯ ದಿನಚರಿಗಳನ್ನು ತಾನೇ ಓದಿ, ಹರಿದ ಕಾಗದದ ಚೂರುಗಳನ್ನು ಹಕ್ಕಿಯ ಗೂಡುಗಳಿಂದ ಆಯ್ದು ಜೋಡಿಸಿ ಅವನು ತನ್ನನ್ನೇ ಪತ್ತೆ ಮಾಡಬೇಕು. ಆ ಮನೆ ಎಲ್ಲಿಂದ ಬಂತು ಎಂಬುದಕ್ಕೆ ಪೂರ್ತಿ ಸಮಾಧಾನ ಸಿಗಲಿಲ್ಲ ಎನ್ನುವವರಿದ್ದಾರೆ. ನನಗೆ ಅದು ಕೊರತೆಯಾಗಿ ಕಾಣಲಿಲ್ಲ. ಆ ಮನೆಯ ಮೇಲೆ ಅವನಿಗಿರುವ ಭಕ್ತಿ, ಪ್ರತಿ ಮೂರ್ತಿಯನ್ನೂ ಹೆಸರು ಹಿಡಿದು ಬಲ್ಲ ಪ್ರೀತಿ ಎಷ್ಟು ಗಾಢವೆಂದರೆ, ಓದುತ್ತಿದ್ದ ದಿನಗಳಲ್ಲಿ ನಮ್ಮ ರಥಬೀದಿಯ ಕಲ್ಲುಕಂಬಗಳನ್ನೂ ನಾನು ನಿಂತು ನೋಡತೊಡಗಿದೆ.

ಐತಿಹಾಸಿಕ ಕಾದಂಬರಿಗಳ ಬಗ್ಗೆ ನನಗೆ ಹೇಳಲು ಎಲ್ಲಕ್ಕಿಂತ ಹೆಚ್ಚಿದೆ. “ಕೊನೆಗೆ ಏನಾಗುತ್ತದೆ ಎಂದು ಗೊತ್ತಿರುವ ಕತೆಯಲ್ಲಿ ಓದಲು ಏನಿದೆ?” ಎಂದು ಕೇಳುವವರು ನಮ್ಮ ಕರಾವಳಿಯಲ್ಲಿ ಇದ್ದರೆ ನನಗೆ ಆಶ್ಚರ್ಯ. ವೇಷ, ಕುಣಿತವಿಲ್ಲದೆ ಹಾಡು ಮಾತುಗಳಲ್ಲೇ ನಡೆಯುವ ತಾಳಮದ್ದಳೆ ಕೇಳಲು ಕುಳಿತವರಲ್ಲಿ ವಾಲಿ ಸಾಯುತ್ತಾನೆ ಎಂದು ಗೊತ್ತಿಲ್ಲದವರು ಯಾರು? ಪದ ಮೊದಲೇ ಬರೆದಿಟ್ಟದ್ದು, ಭಾಗವತರು ಹಾಡುವುದು ಅದನ್ನೇ. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟವನನ್ನು ವಾಲಿ ಏನೆಂದು ಕೇಳುತ್ತಾನೆ, ರಾಮ ಏನೆಂದು ಉತ್ತರಿಸುತ್ತಾನೆ ಎಂಬುದು ಪದಕ್ಕೆ ತಮ್ಮದೇ ಮಾತಿನಲ್ಲಿ ಅರ್ಥ ಹೇಳುವ ಆ ರಾತ್ರಿಯ ಅರ್ಥಧಾರಿಗಳಿಗೆ ಬಿಟ್ಟದ್ದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇಂದಿಗೂ ಅದನ್ನು ನೆನೆಯುವುದು ವಾಲಿ ಬದುಕಿ ಉಳಿಯಬಹುದೆಂಬ ಕುತೂಹಲಕ್ಕಲ್ಲ. ಐತಿಹಾಸಿಕ ಕಾದಂಬರಿಕಾರರ ಕೆಲಸವೂ ಇದೇ. ಇಸವಿ, ಯುದ್ಧ, ಸಾವು ಇವು ಪದ. ಅರ್ಥ ಹೇಳುವ ಹೊಣೆ ಅವರದು. ಪದ ಮೀರಿ ಅರ್ಥ ಹೇಳಿದರೆ ಸಭೆ ಒಪ್ಪುವುದಿಲ್ಲ.

ತ.ರಾ.ಸು. ಅವರ ‘ದುರ್ಗಾಸ್ತಮಾನ’ ತನ್ನ ಅಂತ್ಯವನ್ನು ಹೆಸರಿನಲ್ಲೇ ಹೇಳಿಬಿಡುತ್ತದೆ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ಕೈಸೇರಿತು. ಮದಕರಿ ನಾಯಕನನ್ನು ಯಾವ ಕಾದಂಬರಿಕಾರರೂ ಉಳಿಸಲಾರರು. ಹಾಗಿದ್ದರೂ ಆ ದಪ್ಪ ಪುಸ್ತಕದ ಪ್ರತಿ ಸಂಧಾನದಲ್ಲಿ, ಪ್ರತಿ ಮುನಿಸಿನಲ್ಲಿ “ಇಲ್ಲಿಯಾದರೂ ತಿರುಗಿಕೊಳ್ಳಬಾರದೇ” ಎಂದು ಮನಸ್ಸು ಮೊರೆಯಿಡುತ್ತದೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ನಲ್ಲಿ ಇದಕ್ಕಿಂತ ಕಠಿಣವಾದ ಕೆಲಸ ನಡೆದಿದೆ. ಕೊಡಗನ್ನು ಬ್ರಿಟಿಷರಿಗೆ ಕಳೆದುಕೊಂಡ ಆ ರಾಜನನ್ನು ಅವರು ವೀರನನ್ನಾಗಿ ಮಾಡಲಿಲ್ಲ, ರಾಕ್ಷಸನನ್ನಾಗಿಯೂ ಮಾಡಲಿಲ್ಲ. ಅವನ ಮೇಲೆ ಸಿಟ್ಟು ಬರುತ್ತದೆ, ಆ ಸಿಟ್ಟಿನ ನಡುವೆಯೇ ಅಯ್ಯೋ ಎನಿಸುತ್ತದೆ. 1834ರ ಆ ಕತೆಯ ಮುಂದಿನ ಭಾಗ ನಮ್ಮ ನೆರೆಯ ಜಿಲ್ಲೆಯದು. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರು ಮಂಗಳೂರಿನವರೆಗೆ ಬಂದು, ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟ ಇಳಿಸಿದರು. ಸುಳ್ಯದ ಮಣ್ಣನ್ನು ಬಲ್ಲ ನಿರಂಜನರು ಆ ದಂಗೆಯ ಮೇಲೆ ‘ಕಲ್ಯಾಣಸ್ವಾಮಿ’ ಬರೆದರು. ಬಾವುಟಗುಡ್ಡೆಯಲ್ಲಿ ಈಗ ಆ ದಂಗೆಯ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇದೆ. ಅದನ್ನು ನೋಡಲು ಹೋಗುವ ಕಾಲೇಜಿನ ಮಕ್ಕಳು ಈ ಎರಡು ಕಾದಂಬರಿಗಳನ್ನು ಒಂದರ ಹಿಂದೆ ಒಂದರಂತೆ ಓದಬೇಕೆಂಬುದು ನನ್ನ ಆಸೆ.

ವಸುಧೇಂದ್ರರ ‘ತೇಜೋ ತುಂಗಭದ್ರಾ’ 2019ರಲ್ಲಿ ಬಂದಾಗ ನನ್ನ ಪರಿಚಯದವರಲ್ಲಿ ಓದದೆ ಬಿಟ್ಟವರು ಕಡಿಮೆ. ಲಿಸ್ಬನ್ನಿನ ತೇಜೋ ನದಿಯ ದಂಡೆ ಒಂದು ಕಡೆ, ವಿಜಯನಗರದ ತುಂಗಭದ್ರೆ ಇನ್ನೊಂದು ಕಡೆ. ಪೋರ್ಚುಗೀಸರೆಂದರೆ ಹಡಗಿನಲ್ಲಿ ಬಂದು ಬೆಂಕಿ ಇಟ್ಟವರು ಎಂದಷ್ಟೇ ಕೇಳಿ ಬೆಳೆದ ನಮಗೆ ಆ ಹಡಗು ಹತ್ತಿದವನ ಬಡತನ, ಅವನು ಬಿಟ್ಟುಬಂದ ಹುಡುಗಿ, ಅವಳ ಯಹೂದಿ ಮನೆಯವರ ಭಯ ಇವೆಲ್ಲ ಹೊಸದು. ಆ ಭಾಗಗಳು ಕನ್ನಡಕ್ಕೆ ಸಿಕ್ಕ ದೊಡ್ಡ ಲಾಭ. ವಿಜಯನಗರದ ಭಾಗದಲ್ಲಿ ಆಚರಣೆಗಳ ವಿವರ ಹೆಚ್ಚಾಗಿ, ಜನ ಅವುಗಳ ಹಿಂದೆ ಮರೆಯಾಗುವ ಕಡೆಗಳಿವೆ ಎಂದು ನನಗೆ ಅನಿಸಿತು. ಸತಿಯ ಪ್ರಸಂಗ ಮಾತ್ರ ಹಾಗಲ್ಲ. ಅದನ್ನು ಓದಿ ಪುಸ್ತಕ ಮುಚ್ಚಿಟ್ಟವಳು ಮರುದಿನವೇ ಮತ್ತೆ ತೆರೆದದ್ದು.

ಸಣ್ಣ ತಪ್ಪುಗಳಿಗೆ ನಾನು ಕೋಪಿಸಿಕೊಳ್ಳುತ್ತೇನೆ ಎಂದು ಮನೆಯವರು ಹೇಳುತ್ತಾರೆ. ಹೊಯ್ಸಳರ ಅಡುಗೆಮನೆಯಲ್ಲಿ ಕೆಂಪು ಮೆಣಸು ಅರೆಯುವ ಕಾದಂಬರಿಯನ್ನು ನಾನು ಮುಂದೆ ಓದಲಾರೆ. ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ಜೊತೆ. ಅದಕ್ಕೆ ಮೊದಲು ಖಾರಕ್ಕೆ ಒಳ್ಳೆಮೆಣಸು, ಹಿಪ್ಪಲಿಗಳೇ ಗತಿ. ಸಣ್ಣದು ಎನ್ನಬೇಡಿ. ಸಣ್ಣದರಲ್ಲಿ ಎಚ್ಚರ ತಪ್ಪಿದವರನ್ನು ದೊಡ್ಡದರಲ್ಲಿ ಹೇಗೆ ನಂಬುವುದು? ಇದಕ್ಕೆ ವಿರುದ್ಧವಾದ ಉದಾಹರಣೆ ಇಟಲಿಯ ಉಂಬೆರ್ತೊ ಎಕೊ. ಅವರ ‘ದಿ ನೇಮ್ ಆಫ್ ದಿ ರೋಸ್’ 1327ರಲ್ಲಿ ಒಂದು ಕ್ರೈಸ್ತ ಮಠದೊಳಗೆ ನಡೆಯುವ ಸಾವುಗಳ ಕತೆ. ಕತೆಯಲ್ಲಿ ಬರುವ ಒಬ್ಬ ನಿಜವಾದ ಸಂನ್ಯಾಸಿ ಡಿಸೆಂಬರಿನ ಹೊತ್ತಿಗೆ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ಇದ್ದದ್ದು ದಾಖಲೆಯಲ್ಲಿದೆ. ಹಾಗಾಗಿ ಕತೆ ನವೆಂಬರಿನಲ್ಲೇ ಮುಗಿಯಬೇಕು. ಒಂದು ಸಾವಿಗೆ ಹಂದಿಯ ರಕ್ತ ತುಂಬಿದ ಹಂಡೆ ಬೇಕು, ಹಂದಿಗಳನ್ನು ಕಡಿಯುವುದು ಗಟ್ಟಿ ಚಳಿ ಬಿದ್ದ ಮೇಲೆ. ನವೆಂಬರಿನಲ್ಲೇ ಅಂಥ ಚಳಿ ಇರಬೇಕಾದರೆ ಮಠ ಬೆಟ್ಟದ ಮೇಲೆ ಇರಬೇಕು. ಮಠವನ್ನು ಬೆಟ್ಟಕ್ಕೇರಿಸಿದ ಕಾರಣ ಇದು ಎಂದು ಎಕೊ ಆಮೇಲೆ ತಾವೇ ಬರೆದರು. ಮಠದ ನಕ್ಷೆ ಬಿಡಿಸಿಟ್ಟುಕೊಂಡು, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯಲು ಬೇಕಾದಷ್ಟೇ ಉದ್ದದ ಸಂಭಾಷಣೆ ಬರೆದರಂತೆ. ಒಂದು ದಾಖಲೆಗೆ ತಲೆಬಾಗಿದ್ದರಿಂದ ಓದುಗರಿಗೆ ಹಿಮ, ಮಂಜು, ಹಿಮದ ಮೇಲಿನ ಹೆಜ್ಜೆಗುರುತು ಎಲ್ಲವೂ ಸಿಕ್ಕಿತು. ಲೇಖಕರ ಕೈ ಕಟ್ಟಿರಬೇಕು ಎಂದು ನಾನು ಹೇಳುವುದು ಇಂಥದ್ದನ್ನು ಕಂಡೇ.

ಕಾರಂತರ ಹೆಸರೆತ್ತಿದ ಗೆಳತಿಯರಿಗೆ ಒಂದು ಮಾತು. 1968ರಲ್ಲಿ ಅವರು ಬರೆದು, 1977ರಲ್ಲಿ ಜ್ಞಾನಪೀಠ ತಂದುಕೊಟ್ಟ ‘ಮೂಕಜ್ಜಿಯ ಕನಸುಗಳು’ ಯಾವ ಬಗೆಯ ಕಾದಂಬರಿ? ಮುದುಕಿಯೊಬ್ಬಳು ಮೂಳೆಯ ಚೂರನ್ನೋ ಹಳೆಯ ವಸ್ತುವನ್ನೋ ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲ ಅವಳಿಗೆ ಕಾಣುತ್ತದೆ. ಅದು ಮಾಯೆಯೇ. ಅವಳು ಕಾಣುವುದು ಗುಹೆಯ ಕಾಲದಿಂದ ಹಿಡಿದು ಮನುಷ್ಯ ದೇವರನ್ನು ಕಟ್ಟಿಕೊಂಡ ಬಗೆಯನ್ನು. ಅದು ಇತಿಹಾಸವೇ. ಮೊಮ್ಮಗ ಸುಬ್ಬರಾಯ ಒಂದೊಂದೇ ವಸ್ತುವನ್ನು ತಂದು ಅವಳ ಕೈಗಿಟ್ಟು ಕೇಳುವಾಗ ನನಗೆ ಸಾಕ್ಷ್ಯ ಸಂಗ್ರಹಿಸುವ ತನಿಖೆಗಾರ ಕಾಣುತ್ತಾನೆ. ಕಾರಂತರು ಮೂರನ್ನೂ ಒಂದೇ ಜಗಲಿಯ ಮೇಲೆ ಕೂರಿಸಿದ್ದಾರೆ. ಅವರನ್ನು ಓದಿದ್ದರಿಂದಲೇ ನಾನು ಇವುಗಳನ್ನು ಓದುತ್ತೇನೆ.

ಇನ್ನು, ಓದಬೇಕೆಂದು ನಾನು ಕಾಯುತ್ತಿರುವ ಪುಸ್ತಕದ ಮಾತು. ಉಳ್ಳಾಲದ ಅಬ್ಬಕ್ಕ ರಾಣಿಯನ್ನು ನಾವು ಕುದುರೆಯ ಮೇಲೆ, ಉರಿಯುವ ಬಾಣಗಳ ನಡುವೆ ಬೇಕಾದಷ್ಟು ಕಂಡಿದ್ದೇವೆ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ, ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಪೋರ್ಚುಗೀಸ್ ರಾಯಭಾರಿಯ ಜೊತೆ ಹೋಗಿ ಬಂದವನು, ಮಂಗಳೂರಿನ ಹತ್ತಿರದ ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಆಕೆ ಆಗ ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ಸಾದಾ ಬಿಳಿ ಬಟ್ಟೆ, ತಲೆಯ ಮೇಲೆ ತಾಳೆಗರಿಯ ಕೊಡೆ. ಹೊಸದಾಗಿ ತೋಡಿಸುತ್ತಿದ್ದ ಕಾಲುವೆಗಳನ್ನು ನೋಡುವ ಕೆಲಸದಲ್ಲಿದ್ದಳು. ನೋಡಲು ರಾಣಿಯಂತೆ ಇಲ್ಲ, ಮಾತಿನಲ್ಲಿ ಮಾತ್ರ ರಾಣಿಯೇ ಎಂಬುದು ಅವನ ಅನಿಸಿಕೆ. ಹದಿನಾರನೆಯ ಶತಮಾನದ ನಡುಭಾಗದಲ್ಲಿ ಪೋರ್ಚುಗೀಸರೊಂದಿಗೆ ಹೋರಾಡಿದ ರಾಣಿಯೇ ಇವಳಾಗಿರುವುದು ಕಷ್ಟ. ಹೆಣ್ಣಿನ ಕಡೆಯಿಂದ ಪಟ್ಟ ಬರುವ, ಉಳ್ಳಾಲದ ಚೌಟರ ಅಳಿಯಸಂತಾನದ ಮನೆತನದಲ್ಲಿ ಒಬ್ಬಳಿಗಿಂತ ಹೆಚ್ಚು ಅಬ್ಬಕ್ಕಂದಿರು ಆಳಿ, ಜನರ ನೆನಪಿನಲ್ಲಿ ಒಂದಾಗಿದ್ದಾರೆ. ಯಾರ ಸಾಹಸ ಯಾರದು ಎಂದು ಬಿಡಿಸುವುದೇ ಒಂದು ಪತ್ತೇದಾರಿ ಕೆಲಸ.

ಆ ಕಾಲುವೆಯ ದಂಡೆಯಿಂದ ಶುರುವಾಗುವ ಕಾದಂಬರಿ ನನಗೆ ಬೇಕು. ಅದನ್ನು ತೋಡುತ್ತಿದ್ದವರು ಯಾರು, ನೀರು ಯಾರ ಗದ್ದೆಗೆ ಹೋಗಬೇಕಾಗಿತ್ತು, ಬಿಟ್ಟುಬಂದ ಗಂಡ ಬಂಗರಸ ಪೋರ್ಚುಗೀಸರ ಕಡೆ ನಿಂತಿರುವಾಗ ಇಕ್ಕೇರಿಯವರ ನೆರವು ಪಡೆದದ್ದಕ್ಕೆ ಅವಳು ಏನು ತೆರಬೇಕಾಯಿತು, ಎದುರಿಗೆ ಬಂದು ನಿಂತ ಬಿಳಿಯ ಪ್ರವಾಸಿಯನ್ನು ಕಂಡು ಅವಳ ಮನಸ್ಸಿನಲ್ಲಿ ಏನು ಹಾದುಹೋಯಿತು. ಕೊನೆಯ ಪ್ರಶ್ನೆಗೆ ದೆಲ್ಲಾ ವಾಲ್ಲೆಯ ಪುಸ್ತಕದಲ್ಲಿ ಉತ್ತರವಿಲ್ಲ. ಅದನ್ನು ಕಾದಂಬರಿಕಾರರೇ ಬರೆಯಬೇಕು. ಯುದ್ಧವನ್ನು ಹತ್ತನೆಯ ಅಧ್ಯಾಯಕ್ಕೆ ಇಟ್ಟುಕೊಂಡರೂ ನನ್ನ ಅಡ್ಡಿಯಿಲ್ಲ.